ಹಳೆಯ ಮಾರುತಿ ಕಾರು ಕೊಳ್ಳುವ ಮುನ್ನ ನೋಡಬೇಕಾದ ಸಂಗತಿಗಳು

ಮಾರುತಿ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರಲ್ಲಿ ಹಲವರು ನಿಜಕ್ಕೂ ಕಣ್ಣು ಮುಚ್ಚಿಕೊಂಡೇ ಮುಂಗಡ ಕೊಟ್ಟು ಬರುತ್ತಾರೆ. ಆ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ಗ್ರಾಹಕರ ಕೈ ಸೇರಿದಂದಿನಿಂದ ಇಂದಿನವರೆಗೆ ಈ ಕಂಪನಿಯ ಗಾಡಿಗಳಿಗೆ ತಾಲ್ಲೂಕು ಕೇಂದ್ರದಲ್ಲಿಯೂ ಬಿಡಿಭಾಗ ಸಿಗುತ್ತದೆ, ಹೆದ್ದಾರಿ ಬದಿಯ ಗ್ಯಾರೇಜಿನ ಹುಡುಗನಿಗೂ ಎಂಜಿನ್ ಬಿಚ್ಚಿ ಜೋಡಿಸಲು ಬರುತ್ತದೆ. ನಂಬಿಕೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ. ಆದರೆ ಅದು ಕಂಪನಿಯ ಮೇಲಿನ ನಂಬಿಕೆ. ನಿಮ್ಮ ಮುಂದೆ ನಿಂತಿರುವ ಗಾಡಿ ಏಳೆಂಟು ವರ್ಷ ಯಾರದೋ ಕೈಯಲ್ಲಿ ಪಳಗಿದ ಅಥವಾ ಕೆಟ್ಟ ಒಂದು ಬಿಡಿ ಗಾಡಿ. ಆಯಿಲ್ ಬದಲಿಸದೆ ಓಡಿಸಿದ ಮಾರುತಿಗಿಂತ ಚೆನ್ನಾಗಿ ನೋಡಿಕೊಂಡ ಬೇರೆ ಯಾವ ಕಂಪನಿಯ ಗಾಡಿಯಾದರೂ ವಾಸಿ ಎಂಬುದು ನನ್ನ ಅನುಭವ. ಆದ್ದರಿಂದ ಈ ಬರಹದಲ್ಲಿ ಹೇಳಿರುವ ಕ್ರಮವೆಲ್ಲ ಗಾಡಿಯ ಚರಿತ್ರೆಯನ್ನು ಪತ್ತೆ ಮಾಡುವ ಕ್ರಮವೇ ಆಗಿದೆ.

ಮೊದಲು ಎಂಜಿನ್ ಆರಿಸಿ, ಆಮೇಲೆ ಮಾಡೆಲ್

ಸ್ವಿಫ್ಟ್ ಬೇಕೋ ಬಲೆನೊ ಬೇಕೋ ಎಂದು ಮನೆಯಲ್ಲಿ ಚರ್ಚೆಯಾಗುತ್ತದೆ. ಬಾನೆಟ್ಟಿನ ಕೆಳಗೆ ಯಾವ ಎಂಜಿನ್ ಇದೆ ಎಂದು ಯಾರೂ ಕೇಳುವುದಿಲ್ಲ. ಪೆಟ್ರೋಲ್ ಗಾಡಿಗಳಲ್ಲಿ 2009-10ರ ನಂತರ ಬಂದ ಕೆ ಸರಣಿಯ ಎಂಜಿನ್‌ಗಳೇ ಇಂದಿನ ಹಳೆ ಗಾಡಿ ಮಾರುಕಟ್ಟೆಯ ಬೆನ್ನೆಲುಬು. ವ್ಯಾಗನ್‌ಆರ್, ಆಲ್ಟೊ ಕೆ10, ಸೆಲೆರಿಯೊಗಳಲ್ಲಿ 998 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಇದೆ. ರಿಟ್ಜ್, ಬಲೆನೊ, 2024ಕ್ಕೆ ಮುಂಚಿನ ಸ್ವಿಫ್ಟ್ ಮತ್ತು ಡಿಜೈರ್‌ಗಳಲ್ಲಿ 1,197 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ ಇದೆ. 2018ರ ನಂತರದ ಸಿಯಾಜ್ ಮತ್ತು ಎರ್ಟಿಗಾ, 2020ರ ನಂತರದ ಬ್ರೆಜಾಗಳಲ್ಲಿ 1,462 ಸಿಸಿಯದು ಇದೆ. ಇವೆಲ್ಲವುಗಳಲ್ಲಿ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟಿನ ಬದಲು ಚೈನ್ ಇರುವುದರಿಂದ ಇಷ್ಟು ಕಿಲೋಮೀಟರಿಗೆ ಬೆಲ್ಟ್ ಬದಲಿಸಬೇಕೆಂಬ ಚಿಂತೆಯಿಲ್ಲ. ಹಾಗೆಂದು ಚೈನ್ ಅಮರವೂ ಅಲ್ಲ. ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲಿನ ಒತ್ತಡದಿಂದ. 10,000 ಕಿಲೋಮೀಟರಿಗೆ ಬದಲಿಸಬೇಕಾದ ಆಯಿಲನ್ನು ಇಪ್ಪತ್ತು ಸಾವಿರದವರೆಗೆ ಎಳೆದ ಗಾಡಿಯಲ್ಲಿ ಬೆಳಗಿನ ಮೊದಲ ಸ್ಟಾರ್ಟಿಗೆ ಕಿರಕಿರ ಸದ್ದು ಕೇಳಿಬರುತ್ತದೆ. ಆಲ್ಟೊ 800ರ 796 ಸಿಸಿ ಎಂಜಿನ್ ಹಳೆಯ ಕಾಲದ್ದು, ಅದರಲ್ಲಿ ಬೆಲ್ಟೇ ಇದೆ. ಲಕ್ಷ ಕಿಲೋಮೀಟರ್ ಸಮೀಪಿಸಿದ ಗಾಡಿಯಾದರೆ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ.

ಡೀಸೆಲ್ಲಿನ ಕಥೆಯೇ ಬೇರೆ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬಂದ 2020ರ ಏಪ್ರಿಲ್‌ಗೆ ಮಾರುತಿ ಡೀಸೆಲ್ ಕಾರುಗಳನ್ನು ನಿಲ್ಲಿಸಿತು. ಆದ್ದರಿಂದ ನಿಮಗೆ ಸಿಗುವ ಯಾವುದೇ ಮಾರುತಿ ಡೀಸೆಲ್ ಅದಕ್ಕೂ ಹಳೆಯದು. ಸ್ವಿಫ್ಟ್, ಡಿಜೈರ್, ಎರ್ಟಿಗಾ, ಬ್ರೆಜಾಗಳಲ್ಲಿದ್ದ 1,248 ಸಿಸಿಯ ಎಂಜಿನ್ ಮೂಲತಃ ಫಿಯಟ್ ಕಂಪನಿಯದು. ಅದೇ ಎಂಜಿನ್ ಟಾಟಾ ಮತ್ತು ಫಿಯಟ್ ಗಾಡಿಗಳಲ್ಲೂ ಇದ್ದುದರಿಂದ ಬಲ್ಲ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಹೆದ್ದಾರಿಯಲ್ಲಿ ಓಡಿದ ಗಾಡಿಯಾದರೆ ಒಂದೂವರೆ ಲಕ್ಷ ಕಿಲೋಮೀಟರ್ ಆಗಿದ್ದರೂ ಅಂಜಬೇಕಾಗಿಲ್ಲ. ಊರೊಳಗೇ, ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಓಡಿದ ಡೀಸೆಲ್ಲಿನಲ್ಲಿ ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿಗೆ ಮಸಿ ಕಟ್ಟಿರುತ್ತದೆ, ಟರ್ಬೊ ದಣಿದಿರುತ್ತದೆ, ಚೈನ್ ಸಡಿಲವಾಗಿರುವುದೂ ಉಂಟು. ತಿಂಗಳಿಗೆ 1,500 ಕಿಲೋಮೀಟರ್ ಓಡಿಸದವರು ಹಳೆಯ ಡೀಸೆಲ್ ತಂಟೆಗೆ ಹೋಗದಿರುವುದೇ ಮೇಲು.

ಮಾರುತಿ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲ ಮಾಡೆಲ್ಲಿಗೂ ಬಿಡಿಭಾಗ ಸುಲಭವಾಗಿ ಸಿಗುವುದಿಲ್ಲ. 2015ರಲ್ಲಿ ಬಂದು ಬೇಗ ನಿಂತುಹೋದ 793 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಸೆಲೆರಿಯೊ, 1.6 ಲೀಟರ್ ಡೀಸೆಲ್ಲಿನ ಎಸ್-ಕ್ರಾಸ್, ಆಮದಾಗಿ ಬಂದ ಕಿಜಾಶಿ ಇವೆಲ್ಲ ಅಗ್ಗಕ್ಕೆ ಸಿಗುತ್ತವೆ. ಅಗ್ಗವಾಗಿರುವುದು ಏಕೆಂದು ಮೊದಲ ರಿಪೇರಿಯ ದಿನ ತಿಳಿಯುತ್ತದೆ.

ಆಟೊಮ್ಯಾಟಿಕ್ ಬೇಕೆನ್ನುವವರು ಇನ್ನೂ ಒಂದು ವಿಂಗಡಣೆ ಮಾಡಿಕೊಳ್ಳಬೇಕು. 2014ರ ಸೆಲೆರಿಯೊದಿಂದ ಬಂದ ಎಎಂಟಿ ಎಂದರೆ ಮಾಮೂಲಿ ಗೇರ್‌ಬಾಕ್ಸಿಗೆ ಕ್ಲಚ್ ತುಳಿಯುವ ಯಂತ್ರ ಜೋಡಿಸಿದ್ದು. ಕ್ಲಚ್ ಸವೆಯುವುದು ಅದರಲ್ಲೂ ತಪ್ಪಿದ್ದಲ್ಲ, ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ತೆವಳಿದ ಗಾಡಿಯಲ್ಲಂತೂ ಬೇಗನೇ ಸವೆದಿರುತ್ತದೆ. ಸಿಯಾಜ್, ಎರ್ಟಿಗಾ ಮತ್ತು 2020-22ರ ಬ್ರೆಜಾದಲ್ಲಿದ್ದ ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲಿನ ಮೂಲಕ ಶಕ್ತಿ ಸಾಗಿಸುವ ಆಟೊಮ್ಯಾಟಿಕ್) ಹಳೆಯ ವಿನ್ಯಾಸದ್ದೆಂದು ಹೊಸ ಗಾಡಿ ವಿಮರ್ಶಕರು ಮೂಗು ಮುರಿದರು. ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಮಾತ್ರ ನಾನು ಸೂಚಿಸುವುದು ಅದನ್ನೇ. ಮೈಲೇಜ್ ಕಡಿಮೆ, ಆದರೆ ಗಟ್ಟಿ.

ಇಲ್ಲಿ ಒಂದು ಮಾತು ಹೇಳದೆ ಮುಂದಕ್ಕೆ ಹೋಗುವುದು ಸರಿಯಲ್ಲ. ಕೈ ಕೊಡದ ಗಾಡಿ ಬೇರೆ, ಅಪಘಾತದಲ್ಲಿ ಕಾಯುವ ಗಾಡಿ ಬೇರೆ. ಗಾಡಿಯನ್ನು ಡಿಕ್ಕಿ ಹೊಡೆಸಿ ಐದು ನಕ್ಷತ್ರಗಳ ಲೆಕ್ಕದಲ್ಲಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2018ರಲ್ಲಿ ಬ್ರೆಜಾ ನಾಲ್ಕು ನಕ್ಷತ್ರ ಪಡೆದಿದ್ದರೆ, 2020ರಲ್ಲಿ ಎಸ್-ಪ್ರೆಸ್ಸೊಗೆ ಸೊನ್ನೆ, 2022ರಲ್ಲಿ ಸ್ವಿಫ್ಟಿಗೆ ಒಂದು ನಕ್ಷತ್ರ ಬಂತು. ಹೆದ್ದಾರಿ ಪ್ರಯಾಣ ಹೆಚ್ಚಿರುವ ಕುಟುಂಬ ಇದನ್ನೂ ತಕ್ಕಡಿಗೆ ಹಾಕಬೇಕು. ಕನಿಷ್ಠಪಕ್ಷ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ವೇರಿಯಂಟನ್ನೇ ಆರಿಸಬೇಕು.

ಗಾಡಿ ನೋಡುವ ಮುನ್ನ ಕಾಗದ ನೋಡಿ

ಮಾರುವವರಿಂದ ನೋಂದಣಿ ಸಂಖ್ಯೆ ಪಡೆದರೆ ಅರ್ಧ ಪರೀಕ್ಷೆ ಮನೆಯಲ್ಲೇ ಕೂತು ಮುಗಿಯುತ್ತದೆ. ಕೇಂದ್ರ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿ, ನೋಂದಣಿಯಾದ ದಿನ, ವಾಹನದ ವರ್ಗ, ಇಂಧನ, ವಿಮೆಯ ಅವಧಿ ಇವನ್ನು ನೋಡಿ; ಇವರು ಎಷ್ಟನೆಯ ಓನರ್, ಸಾಲದ ನಮೂದು ಇದೆಯೇ ಎಂಬುದನ್ನು ಆರ್‌ಸಿಯಲ್ಲಿ ತಾಳೆ ಮಾಡಿ. ಸಾಲ ತೀರಿದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಸಲ್ಲಿಸಿ ಆರ್‌ಸಿಯಿಂದ ಆ ನಮೂದು ಹೋಗಿರಬೇಕು. ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಯಾದರೆ ಅದೂ ಆರ್‌ಸಿಯಲ್ಲಿ ದಾಖಲಾಗಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಆಗಬೇಕಾದ ಹೈಡ್ರೊ ಟೆಸ್ಟಿನ (ನೀರಿನ ಒತ್ತಡದಲ್ಲಿ ಗಟ್ಟಿತನ ನೋಡುವ ಪರೀಕ್ಷೆ) ಪತ್ರ ಇರಬೇಕು. ಮೊದಲು ಹಳದಿ ಬೋರ್ಡಿನಲ್ಲಿ ದುಡಿದು ಆಮೇಲೆ ಬಿಳಿ ಬೋರ್ಡಿಗೆ ಬಂದ ಡಿಜೈರ್, ವ್ಯಾಗನ್‌ಆರ್‌ಗಳು ಸಿಗುತ್ತವೆ. ಬಾಡಿಗೆಗೆ ಓಡಿದ್ದೇ ದೋಷವೇನಲ್ಲ. ಅದನ್ನು ಮುಚ್ಚಿಟ್ಟರೆ ಮಾತ್ರ ದೋಷ. ಟ್ರಾಫಿಕ್ ದಂಡ ಎಷ್ಟು ಬಾಕಿಯಿದೆ ಎಂದು ಇ-ಚಲನ್‌ನಲ್ಲಿ ನೋಡಲು ಎರಡು ನಿಮಿಷ ಸಾಕು.

ಎರಡನೆಯದು ವಿಮೆಯ ಪಾಲಿಸಿ. ಇದನ್ನು ನೋಡುವವರೇ ಕಡಿಮೆ, ಆದರೆ ಇದರಷ್ಟು ನಿಜ ಹೇಳುವ ಕಾಗದ ಮತ್ತೊಂದಿಲ್ಲ. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, 50 ಹೀಗೆ ನೋ ಕ್ಲೇಮ್ ಬೋನಸ್ ಏರುತ್ತ ಹೋಗುತ್ತದೆ. ಆರು ವರ್ಷದ ಗಾಡಿ, ಒಬ್ಬರೇ ಓನರ್, ಒಂದು ಗೀರೂ ಬಿದ್ದಿಲ್ಲ ಎನ್ನುವವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಅಥವಾ ಇಪ್ಪತ್ತು ಎಂದಿದ್ದರೆ, ಇತ್ತೀಚೆಗೆ ಕ್ಲೇಮ್ ಆಗಿದೆ ಅಥವಾ ವಿಮೆ ಕಟ್ಟದೆ ಬಿಟ್ಟಿದ್ದಾರೆ. ಎರಡರಲ್ಲಿ ಯಾವುದೆಂದು ನೇರವಾಗಿ ಕೇಳಿ.

ಮೂರನೆಯದು ಸರ್ವೀಸ್ ಚರಿತ್ರೆ. ಅಧಿಕೃತ ವರ್ಕ್‌ಶಾಪಿಗೆ ಓನರ್ ಜೊತೆಯಲ್ಲೇ ಹೋಗಿ ಗಾಡಿಯ ಸಂಖ್ಯೆ ಕೊಟ್ಟು ಕೇಳಿದರೆ, ಯಾವ ದಿನ ಎಷ್ಟು ಕಿಲೋಮೀಟರಿಗೆ ಏನು ಕೆಲಸವಾಯಿತು ಎಂಬ ಪಟ್ಟಿ ತೆಗೆದು ತೋರಿಸುತ್ತಾರೆ. ಕಿಲೋಮೀಟರ್ ಏರುತ್ತ ಬಂದು ನಡುವೆ ಎಲ್ಲಾದರೂ ಇಳಿದಿದ್ದರೆ ಮೀಟರ್ ತಿರುಗಿಸಿದ್ದಾರೆ ಎಂದೇ ಅರ್ಥ. ದಾಖಲೆ 45,000ಕ್ಕೆ ನಿಂತು, ಮೂರು ವರ್ಷದ ಮೇಲೂ ಮೀಟರ್ 52,000 ಮಾತ್ರ ತೋರಿಸುತ್ತಿದ್ದರೆ ಆ ಮೂರು ವರ್ಷ ಗಾಡಿ ಎಲ್ಲಿತ್ತು ಎಂದು ಕೇಳಬೇಕಾಗುತ್ತದೆ. ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿದರೆ ತಪ್ಪಿಲ್ಲ, ಆಯಿಲ್ ಕೊಂಡ ಬಿಲ್ಲಾದರೂ ಇರಬೇಕು.

ಜೊತೆಗೆ ರಿಕಾಲ್ ಆಗಿದೆಯೇ ಎಂದು ನೋಡಿ. ಇಂಧನ ಪಂಪಿನ ದೋಷಕ್ಕಾಗಿ 2020ರ ಜುಲೈನಲ್ಲಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊಗಳನ್ನೂ, ಮೋಟಾರ್ ಜನರೇಟರ್ ಘಟಕದ ಪರಿಶೀಲನೆಗಾಗಿ 2021ರ ಸೆಪ್ಟೆಂಬರ್‌ನಲ್ಲಿ ಸಿಯಾಜ್, ಎರ್ಟಿಗಾ, ಬ್ರೆಜಾ, ಎಸ್-ಕ್ರಾಸ್, ಎಕ್ಸ್‌ಎಲ್6 ಮಾಡೆಲ್ಲುಗಳ 1,81,754 ಪೆಟ್ರೋಲ್ ಗಾಡಿಗಳನ್ನೂ, ಸ್ಟೀರಿಂಗ್ ಟೈ ರಾಡಿಗಾಗಿ 2023ರ ಜುಲೈನಲ್ಲಿ 87,599 ಎಸ್-ಪ್ರೆಸ್ಸೊ ಮತ್ತು ಇಕೊಗಳನ್ನೂ ಕಂಪನಿ ವಾಪಸು ಕರೆದಿತ್ತು. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ಸಂಖ್ಯೆ ಹಾಕಿದರೆ ನಿಮ್ಮ ಗಾಡಿ ಆ ಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಭಾಗ ಬದಲಿಸಲು ಹಣ ಕೊಡಬೇಕಾಗಿಲ್ಲ.

ಹೊರರಾಜ್ಯದ ಗಾಡಿಯ ಬಗ್ಗೆ ಎಚ್ಚರ ಬೇಕು. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳು ಅಗ್ಗದ ದರದಲ್ಲಿ ನಮ್ಮ ಕಡೆ ಇಳಿಯುತ್ತಿವೆ. ಅಂಥ ಗಾಡಿಗೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಇಲ್ಲಿಗೆ ತಂದ 12 ತಿಂಗಳೊಳಗೆ ಕೆಎ ನಂಬರ್ ಪಡೆಯಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನೂ ಕಟ್ಟಬೇಕು. ಇಷ್ಟೆಲ್ಲ ಕೂಡಿಸಿ ನೋಡಿದರೆ ಉಳಿತಾಯ ಎಂದುಕೊಂಡದ್ದು ಹಲವು ಸಲ ಉಳಿದಿರುವುದಿಲ್ಲ.

ಗಾಡಿಯ ಮುಂದೆ ನಿಂತಾಗ

ಬೆಳಗಿನ ಹೊತ್ತು, ಬಿಸಿಲಿನಲ್ಲಿ, ಮೈ ಒಣಗಿರುವಾಗ ನೋಡಬೇಕು. ಮಳೆ ನೀರು ಅಥವಾ ಪಾಲಿಶ್ ಮೈಮೇಲಿದ್ದರೆ ಪೇಂಟಿನ ವ್ಯತ್ಯಾಸ ಕಾಣುವುದಿಲ್ಲ. ಹೋದ ಕೂಡಲೇ ಮೊದಲು ಮಾಡಬೇಕಾದ್ದು ಬಾನೆಟ್ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ನೀವು ಬರುವ ಮುನ್ನವೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣನೆಯ ಎಂಜಿನ್ ಏನು ಹೇಳುತ್ತಿತ್ತೋ ಅದು ನಿಮಗೆ ಕೇಳಬಾರದೆಂಬುದು ಅವರ ಉದ್ದೇಶವಿರಬಹುದು. ಅಂಥ ದಿನ ನಾಳೆ ಬರುತ್ತೇನೆಂದು ಹೇಳಿ ಹಿಂದಿರುಗುವುದು ಒಳ್ಳೆಯದು.

ಆಮೇಲೆ ಸೀಟ್ ಬೆಲ್ಟ್. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನೆಂಟರೊಬ್ಬರಿಗಾಗಿ ಬಿಳಿ ಬಣ್ಣದ ಹ್ಯಾಚ್‌ಬ್ಯಾಕ್ ಒಂದನ್ನು ನೋಡಲು ಹೋಗಿದ್ದೆ. ಮೀಟರ್ 38,000 ತೋರಿಸುತ್ತಿತ್ತು, ಒಳಗೆಲ್ಲ ಹೊಸ ಸೀಟ್ ಕವರ್, ಡ್ಯಾಶ್‌ಬೋರ್ಡಿಗೆ ಮಲ್ಲಿಗೆಯ ಪರಿಮಳದ ಡಬ್ಬಿ. ಡಾಕ್ಟರೊಬ್ಬರು ಓಡಿಸಿದ ಗಾಡಿ ಎಂದು ಬ್ರೋಕರು ಹೇಳಿದರು. ಹಳೆ ಗಾಡಿಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ಚಾಲಕರ ಬೆಲ್ಟನ್ನು ಕೊನೆಯವರೆಗೆ ಎಳೆದಾಗ, ಸುರುಳಿಯೊಳಗೆ ಅಡಗಿದ್ದ ಕಡೆಯ ಒಂದು ಗೇಣಿನಲ್ಲಿ ಕಾಫಿ ಬಣ್ಣದ ಅಲೆಯಂಥ ಗೆರೆ ಕಂಡಿತು, ಬೆರಳಿಗೆ ನುಣುಪಾದ ಮಣ್ಣು ಹತ್ತಿತು. ಬೆಲ್ಟಿನ ಸುರುಳಿ ಇರುವುದು ಬಾಗಿಲ ಕಂಬದ ಬುಡದಲ್ಲಿ. ಗಾಡಿಯೊಳಗೆ ನೀರು ನಿಂತರೆ ಮೊದಲು ನೆನೆಯುವ ಭಾಗಗಳಲ್ಲಿ ಅದೂ ಒಂದು, ತೊಳೆಯುವವರು ಮರೆಯುವುದೂ ಅದನ್ನೇ. ಕಾರ್ಪೆಟ್ ಎತ್ತಿ ನೋಡಿದರೆ ಸೀಟಿನ ಬೋಲ್ಟುಗಳಿಗೆಲ್ಲ ತುಕ್ಕು. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು ಕಡೆಯ ಬೇಸ್‌ಮೆಂಟುಗಳಲ್ಲಿ ಮುಳುಗಿದ ಗಾಡಿಗಳನ್ನು ನೆನೆದರೆ ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ನೀರು ಕುಡಿದ ಗಾಡಿಯ ಎಂಜಿನ್ ರಿಪೇರಿಯಾಗುತ್ತದೆ. ವೈರಿಂಗ್ ಮತ್ತು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೊಂದರೆ ವರ್ಷಗಟ್ಟಲೆ ಕಾಡುತ್ತದೆ.

ಅಪಘಾತದ ಗುರುತನ್ನು ಹೊಳೆಯುವ ಮೈಯಲ್ಲಿ ಹುಡುಕಬೇಡಿ. ಬಾನೆಟ್ ಮತ್ತು ಬಾಗಿಲುಗಳ ಕೀಲಿನ ಬೋಲ್ಟುಗಳ ಮೂಲೆಯಲ್ಲಿ ಪೇಂಟ್ ಕಿತ್ತಿದ್ದರೆ ಸ್ಪ್ಯಾನರ್ ಆಡಿದೆ. ಬಾಗಿಲ ರಬ್ಬರನ್ನು ಎಳೆದು ಕೆಳಗಿನ ತಗಡಿನಲ್ಲಿ ಕಾರ್ಖಾನೆಯ ಗುಂಡನೆಯ ವೆಲ್ಡಿಂಗ್ ಚುಕ್ಕೆಗಳು ಸಮನಾಗಿ ಇವೆಯೇ ನೋಡಿ. ಬಾನೆಟ್ ಒಳಗೆ ಎರಡೂ ಬದಿಯ ಏಪ್ರನ್ನುಗಳನ್ನು (ಮುಂದಿನ ಚಕ್ರಗಳ ಮೇಲಿನ ಒಳತಗಡುಗಳನ್ನು) ಹೋಲಿಸಿ. ಗಾಜುಗಳ ಮೂಲೆಯಲ್ಲಿ ತಯಾರಾದ ವರ್ಷದ ಗುರುತು ಇರುತ್ತದೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಕಾರಣ ಕೇಳಿ. ಬಂಪರ್ ಪೇಂಟ್ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಊರುಗಳ ಪಾರ್ಕಿಂಗಿನಲ್ಲಿ ಅದು ಸಹಜ. ಏಪ್ರನ್, ಕಂಬ, ಛಾವಣಿಗೆ ಟಿಂಕರಿಂಗ್ ಆಗಿದ್ದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಮಂಗಳೂರು, ಉಡುಪಿ, ಕಾರವಾರದ ಗಾಡಿಗಳನ್ನು ಕಡ್ಡಾಯವಾಗಿ ಲಿಫ್ಟಿನ ಮೇಲೇರಿಸಿ ಅಡಿಭಾಗ ನೋಡಬೇಕು. ಉಪ್ಪುಗಾಳಿಯ ತುಕ್ಕು ಸೈಲೆನ್ಸರ್, ಸಸ್ಪೆನ್ಷನ್ ಆರ್ಮ್, ಬ್ರೇಕ್ ಪೈಪುಗಳಿಂದ ಶುರುವಾಗುತ್ತದೆ. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ಮೀಟರ್ ಮೂವತ್ತು ಸಾವಿರ ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಸ್ಟೀರಿಂಗ್ ಮೇಲ್ಭಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದರೆ ಮೀಟರನ್ನು ನಂಬಬೇಡಿ.

ಓಡಿಸಿ ನೋಡುವುದು

ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಮುಚ್ಚಳ ತೆಗೆದು ಒಳಬದಿ ನೋಡಿ. ಮಜ್ಜಿಗೆಯಂಥ ಬಿಳಿ ನೊರೆ ಇದ್ದರೆ ಆಯಿಲಿಗೆ ಕೂಲಂಟ್ ಸೇರಿರಬಹುದು, ಟಾರಿನಂಥ ಜಿಡ್ಡು ಕಟ್ಟಿದ್ದರೆ ಸರ್ವೀಸ್ ತಪ್ಪಿದೆ. ಸ್ಟಾರ್ಟ್ ಮಾಡುವಾಗ ಒಬ್ಬರು ಹಿಂದೆ ನಿಲ್ಲಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಎಂದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ, ಡೀಸೆಲ್ಲಿನಲ್ಲಿ ದಟ್ಟ ಕಪ್ಪು ಹೊಗೆ ಎಂದರೆ ಇಂಜೆಕ್ಟರ್, ಟರ್ಬೊ ಅಥವಾ ಇಜಿಆರ್. ಮೂರು ಸಿಲಿಂಡರಿನ ವ್ಯಾಗನ್‌ಆರ್ ಸ್ವಲ್ಪ ನಡುಗುವುದು ಸ್ವಭಾವ. ಎಸಿ ಹಾಕಿದಾಗ ಇಡೀ ಸೀಟು ಅದುರಿದರೆ ಎಂಜಿನ್ ಮೌಂಟಿಂಗ್ ಹೋಗಿದೆ.

ಕ್ಲಚ್ ಪರೀಕ್ಷೆ ಸರಳ. ಸಮತಟ್ಟಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಮೂರನೆಯ ಗೇರಿಗೆ ಹಾಕಿ ಕ್ಲಚ್ ನಿಧಾನವಾಗಿ ಬಿಟ್ಟರೆ ಎಂಜಿನ್ ನಿಂತುಹೋಗಬೇಕು; ನಿಲ್ಲದೆ ಗುರ್ ಎನ್ನುತ್ತ ತಿರುಗುತ್ತಿದ್ದರೆ ಕ್ಲಚ್ ಮುಗಿದಿದೆ. ಬೆಂಗಳೂರಿನಲ್ಲೇ ಓಡಿದ ಗಾಡಿಗೆ ಇದನ್ನು ಬಿಡಬೇಡಿ. ಎಎಂಟಿಯಾದರೆ ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ರಿವರ್ಸಿನಲ್ಲೂ ಏರಿಸಿ. ಸುಟ್ಟ ವಾಸನೆ ಅಥವಾ ನಡುಕ ಬಂದರೆ ಖರ್ಚು ಹತ್ತಿರದಲ್ಲಿದೆ. ಸ್ಪೀಡ್ ಬ್ರೇಕರನ್ನು ಓರೆಯಾಗಿ, ಕಿಟಕಿ ಇಳಿಸಿ, ನಿಧಾನವಾಗಿ ದಾಟಿ. ಟಕ್ ಟಕ್ ಸದ್ದು ಬಂದರೆ ಲಿಂಕ್ ರಾಡ್ ಅಥವಾ ಲೋವರ್ ಆರ್ಮ್ ಬುಷ್, ಇದು ಚಿಲ್ಲರೆ ಖರ್ಚು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಚಲಿಸುವಾಗ ಕಟಕಟ ಎಂದರೆ ಡ್ರೈವ್ ಶಾಫ್ಟಿನ ಜಾಯಿಂಟ್, ಅದು ತುಸು ಹೆಚ್ಚು. ಸುರಕ್ಷಿತ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆಯಬಾರದು. ಕನಿಷ್ಠ ಅರ್ಧ ಗಂಟೆ ಓಡಿಸಬೇಕು, ಏಕೆಂದರೆ ಎಸಿ ಮತ್ತು ರೇಡಿಯೇಟರಿನ ದೋಷ ಗಾಡಿ ಬಿಸಿಯಾದ ಮೇಲಷ್ಟೇ ಬಾಯಿ ಬಿಡುತ್ತದೆ.

ಕೊನೆಯಲ್ಲಿ ನಿಮ್ಮ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ದೋಷದ ಕೋಡುಗಳನ್ನು ಓದಲಿ. ಮಾರುವವರು ತೋರಿಸುವ ಮೆಕ್ಯಾನಿಕ್ ಅಲ್ಲ, ನೀವು ಹಣ ಕೊಟ್ಟು ಕರೆದುಕೊಂಡು ಹೋದ ಮೆಕ್ಯಾನಿಕ್.

ದರ, ವರ್ಗಾವಣೆ, ಮೊದಲ ಸರ್ವೀಸ್

ಕಂಡ ದೋಷಗಳಿಗೆಲ್ಲ ಬಿಡಿಭಾಗದ ಅಂಗಡಿಯಲ್ಲಿ ದರ ಕೇಳಿ ಬರೆದುಕೊಂಡು ಹೋಗಿ ಚೌಕಾಸಿ ಮಾಡಿ. ಐದು ಸಾವಿರ ಇಳಿಸಿ ಎಂಬ ಬೇಡಿಕೆಗಿಂತ ನಾಲ್ಕು ಟೈರ್ ಮತ್ತು ಕ್ಲಚ್ ಪ್ಲೇಟಿನ ಲೆಕ್ಕಕ್ಕೆ ಬೆಲೆ ಹೆಚ್ಚು. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಹಳೆ ವಾಹನ ವ್ಯಾಪಾರಿಗಳು ಪಡೆದಿರಬೇಕಾದ ಅಧಿಕೃತ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಬೀಳದೆ ಪೂರ್ತಿ ಹಣ ಕೊಡಬೇಡಿ. ಎರಡೂ ಕೀಲಿ ಕೈಗೆ ಬರಲಿ. ಗಾಡಿ ನಿಮ್ಮ ಕೈಗೆ ಬಂದ 30 ದಿನದೊಳಗೆ ನೀವು ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಮಾರಿದವರದ್ದಾದ್ದರಿಂದ ಆ ವ್ಯತ್ಯಾಸದ ಹಣ ನೀವು ತುಂಬಬೇಕಾಗುತ್ತದೆ. 2019ರ ಏಪ್ರಿಲ್‌ಗೆ ಮುಂಚಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಹಾಕಿಸಿದ್ದಾರೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ಮಾರಿದವರು ಮೊನ್ನೆಯಷ್ಟೇ ಸರ್ವೀಸ್ ಮಾಡಿಸಿದ್ದೇನೆ ಎಂದಿದ್ದರೂ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲಂಟ್, ಬ್ರೇಕ್ ಆಯಿಲ್ ಎಲ್ಲವನ್ನೂ ಒಮ್ಮೆ ಬದಲಿಸಿ, ಗೇರ್ ಆಯಿಲ್ ಮತ್ತು ಫ್ಯಾನ್ ಬೆಲ್ಟ್ ನೋಡಿಸಿ. ಇದಕ್ಕೂ ಚಿಕ್ಕಪುಟ್ಟ ರಿಪೇರಿಗೂ ಗಾಡಿಯ ಬೆಲೆಯ ಹತ್ತನೆಯ ಒಂದು ಭಾಗವನ್ನು ಮೊದಲೇ ಎತ್ತಿಟ್ಟಿರಬೇಕು. ಐದು ಲಕ್ಷ ಕೈಯಲ್ಲಿದ್ದವರು ನಾಲ್ಕೂವರೆ ಲಕ್ಷದ ಗಾಡಿ ಹುಡುಕಬೇಕು. ಬದಲಿಸಿದ ದಿನ ಮತ್ತು ಕಿಲೋಮೀಟರನ್ನು ಒಂದು ಚೀಟಿಯಲ್ಲಿ ಬರೆದು ಗ್ಲವ್ ಬಾಕ್ಸಿನಲ್ಲಿ ಇಡಿ. ಮುಂದೆ ನೀವು ಮಾರಲು ಹೊರಟಾಗ ಕೊಳ್ಳುವವರು ಮೊದಲು ಕೇಳುವುದು ಆ ಚೀಟಿಯನ್ನೇ.